ಆಟಕ್ಕುಂಟು ಲೆಕ್ಕಕ್ಕಿಲ್ಲ

ಪೆರ್ಲದ ಕಡೆಯ ನಮ್ಮ ಸ್ನೇಹಿತರೊಬ್ಬರು ಕಾರಿನ ತಲೆ ರಿಪೇರಿ ಮಾಡಿಸಿಕೊಂಡು ಬಂದಿದ್ದಾರೆ. ಗಾಡಿಗೆ ಏನೂ ಆಗಿರಲಿಲ್ಲ. ಮೂರು ವರ್ಷದ ಡೀಸೆಲ್ ಎಸ್‌ಯುವಿ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು, ಹೇಳಿದಲ್ಲಿಗೆ ಹೋಗುತ್ತಿತ್ತು. ಅಷ್ಟು ಸಾಲದಾಯಿತು. ಮೂವತ್ತು ಸಾವಿರ ಎಣಿಸಿ ಅದರ ಇಸಿಯುವಿನ ಮ್ಯಾಪ್ ತಿದ್ದಿಸಿದರು. ರೀಮ್ಯಾಪ್. ಸ್ಟೇಜ್ ಒನ್.

"ಸ್ಪೀಡಿಗೆ ಅಲ್ಲ ಮಾರಾಯ್ರೆ, ಡೈಲಿ ಡ್ರೈವಿಂಗಿಗೆ" ಎಂದರು.

ರೀಮ್ಯಾಪ್ ಮಾಡಿಸಿದ ಪ್ರತಿಯೊಬ್ಬನ ಬಾಯಲ್ಲೂ ಇದೇ ಮಾತು. ಕೃಷಿಗೆಂದು ಸೊಸೈಟಿಯಲ್ಲಿ ಸಾಲ ತೆಗೆದು ಮಗಳ ಮದುವೆ ಮಾಡಿಸುವ ಊರು ನಮ್ಮದು. ಅರ್ಜಿಯಲ್ಲಿ ಬರೆಯುವ ಕಾರಣವೇ ಬೇರೆ, ಮನಸ್ಸಿನಲ್ಲಿರುವುದೇ ಬೇರೆ.

ಡೈಲಿ ಎಂದರೆ ಎಲ್ಲಿಗೆ? ಪೆರ್ಲದಿಂದ ಬದಿಯಡ್ಕಕ್ಕೆ. ಒಂದು ಅಡಿಕೆ ಅಂಗಡಿ, ಎರಡು ಮದುವೆ, ಒಂದು ಬೊಜ್ಜ, ಅಂದರೆ ಉತ್ತರಕ್ರಿಯೆ. ವಾರಕ್ಕೊಮ್ಮೆ ಕಾಸರಗೋಡು. ದಾರಿ ಚೆರ್ಕಳ–ಕಲ್ಲಡ್ಕ ರಸ್ತೆ. ಮಳೆಗಾಲದಲ್ಲಿ ಆ ರಸ್ತೆಯ ಹೊಂಡಗಳನ್ನು ಬಲ್ಲವರು ಬಲ್ಲರು. ಹೊಂಡಕ್ಕೆ ಬಾಳೆ ನೆಟ್ಟು ಪ್ರತಿಭಟಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಗೊನೆ ಬರುವವರೆಗೂ ಡಾಂಬರು ಬರುವುದಿಲ್ಲ ಎಂಬ ವಿಶ್ವಾಸವೂ ಅದರಲ್ಲಿದೆ. ಅಂಥ ರಸ್ತೆಗೆ ಇವರಿಗೆ 26 ಕುದುರೆ ಹೆಚ್ಚು ಬೇಕಾಯಿತು.

ಕಂಪನಿ ಕೊಟ್ಟದ್ದು 114 ಅಶ್ವಶಕ್ತಿ. ಈಗ 140 ಅಂತೆ. ಅಳೆದದ್ದು ಯಾರು ಎಂದು ಕೇಳಿದೆ. ತಿದ್ದಿದವರೇ ಅಳೆದರಂತೆ.

ಇಸಿಯು ಎಂದರೆ ಇಂಜಿನ್ನಿನ ಶ್ಯಾನುಭೋಗ. ಅದರೊಳಗೆ ನೂರಾರು ಕೋಷ್ಟಕಗಳು, ಅವಕ್ಕೇ ಮ್ಯಾಪ್ ಎನ್ನುವುದು. ಅಡ್ಡಕ್ಕೆ ಇಂಜಿನ್ ಸುತ್ತುವ ವೇಗ, ಉದ್ದಕ್ಕೆ ಪೆಡಲ್ ಒತ್ತಿದ ಪ್ರಮಾಣ, ಚೌಕದೊಳಗೆ ಎಷ್ಟು ಡೀಸೆಲ್ ಬಿಡಬೇಕು ಎಂಬ ಅಂಕಿ. ಮಗ್ಗಿ ಪುಸ್ತಕದ ಹಾಗೆ. ಯಾವ ಕ್ಷಣಕ್ಕೆ ಬಿಡಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು, ಟಾರ್ಕ್ ಎಲ್ಲಿಗೆ ನಿಲ್ಲಬೇಕು, ಒಂದೊಂದಕ್ಕೂ ಕೋಷ್ಟಕ. ಸ್ಟೀರಿಂಗ್ ಕೆಳಗೆ ಒಬಿಡಿ ಪೋರ್ಟ್ ಇದೆ. ಅಲ್ಲಿ ವೈರು ಚುಚ್ಚಿ ಓದುತ್ತಾರೆ, ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಾರೆ, ಮರಳಿ ಬರೆಯುತ್ತಾರೆ. ಹೊಸ ಗಾಡಿಗಳ ಇಸಿಯುವಿಗೆ ಬೀಗ ಇರುತ್ತದೆ. ಆಗ ಅದನ್ನೇ ಬಿಚ್ಚಿ ಮೇಜಿನ ಮೇಲೆ ಮಲಗಿಸುತ್ತಾರೆ.

ಕಸುಬು ಬಲ್ಲವನು ಮೊದಲು ಗಾಡಿ ಓಡಿಸಿ ಲಾಗ್ ತೆಗೆಯುತ್ತಾನೆ. ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹತ್ತಿಸುತ್ತಾನೆ. ಹೊಗೆ ನೋಡುತ್ತಾನೆ, ಎಕ್ಸಾಸ್ಟಿನ ಬಿಸಿ ನೋಡುತ್ತಾನೆ, ಕ್ಲಚ್ ತಡೆದೀತೇ ಎಂದು ನೋಡುತ್ತಾನೆ. ಬೇಡ ಎನ್ನುವ ಧೈರ್ಯವೂ ಅವನಿಗಿರುತ್ತದೆ. ಕೊಚ್ಚಿ, ಕೊಯಮತ್ತೂರು, ಬೆಂಗಳೂರಿನಲ್ಲಿ ಅಂಥವರಿದ್ದಾರೆ. ಕಸುಬು ಬಾರದವನು ವಾಟ್ಸಾಪಿನಲ್ಲಿ ಫೈಲ್ ತರಿಸುತ್ತಾನೆ. ನಮ್ಮವರು ಹೋದದ್ದು ಯಾರ ಬಳಿಗೆ ಎಂದು ನಾನು ಹೇಳುವುದಿಲ್ಲ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಯಿತಂತೆ. ಅರ್ಥ ಮಾಡಿಕೊಳ್ಳಿ.

ಕಂಪನಿಯವರು ದಡ್ಡರೇ, ಇಷ್ಟು ಶಕ್ತಿ ಒಳಗೆ ಬಚ್ಚಿಟ್ಟು ಮಾರಲು? ಇದು ಸ್ನೇಹಿತರ ಪ್ರಶ್ನೆ. ಉತ್ತರ ಸುಲಭ. ಕಲಬೆರಕೆ ಡೀಸೆಲ್‌ಗೆ ಒಂದು ಪಾಲು ಬಿಟ್ಟಿರುತ್ತಾರೆ. ರಾಜಸ್ಥಾನದ ಬಿಸಿಲಿಗೆ ಒಂದು. ಲಡಾಖಿನ ಎತ್ತರಕ್ಕೆ ಒಂದು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದ ಮಾಲೀಕನಿಗೆ ಒಂದು. ಕೊನೆಯವರು ನಾವೇ. ಆ ಉಳಿಕೆಯನ್ನು ಖರ್ಚು ಮಾಡುವುದಕ್ಕೆ ಸ್ಟೇಜ್ ಒನ್ ಎಂದು ಹೆಸರು. ತರವಾಡಿನ ಗದ್ದೆ ಮಾರಿ ಓಣಂ ಆಚರಿಸಿದ ಹಾಗೆ. ಊಟ ಚೆನ್ನಾಗಿಯೇ ಇರುತ್ತದೆ.

ಕಂಪನಿಗಳೇನೂ ಸಾಚಾ ಅಲ್ಲ. ಮಹೀಂದ್ರದ ಎಕ್ಸ್‌ಯುವಿ 700 ತೆಗೆದುಕೊಳ್ಳಿ. ಅದೇ 2.2 ಲೀಟರಿನ ಡೀಸೆಲ್ ಇಂಜಿನ್. ಅಗ್ಗದ ಮಾದರಿಯಲ್ಲಿ 155, ದುಬಾರಿಯದರಲ್ಲಿ 185 ಕೊಡುತ್ತಿದ್ದರು. ಕಾಸಿಗೆ ತಕ್ಕ ಕಜ್ಜಾಯ. ಕಂಪನಿ ಮಾಡಿದರೆ ಅದು ವೇರಿಯಂಟ್, ನಾವು ಮಾಡಿದರೆ ಅಪರಾಧವೇ ಎಂದು ಸ್ನೇಹಿತರು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಇಡೀ ಪುರಾಣದಲ್ಲಿ ಅದೊಂದೇ.

ಸುಳ್ಳು ಹೇಳಬಾರದು. ನಾನೂ ಓಡಿಸಿ ನೋಡಿದೆ. ಗಾಡಿ ಹಾರುತ್ತದೆ. ಅಡ್ಕಸ್ಥಳದ ತಿರುವಿನಲ್ಲಿ ಮೊದಲು ಎರಡನೇ ಗೇರಿಗೆ ಇಳಿಯಬೇಕಿತ್ತು, ಈಗ ಮೂರರಲ್ಲೇ ಏರುತ್ತದೆ. 2000 ಸುತ್ತಿನ ಕೆಳಗೆ ಇದ್ದ ಆ ಮಂಕು ಮಾಯ. ಪೆಡಲ್ ಒತ್ತಿದಾಕ್ಷಣ ಬೆನ್ನು ಸೀಟಿಗೆ ಅಂಟುತ್ತದೆ. ಹತ್ತು ಸೆಕೆಂಡ್ ನಾನು ಇಪ್ಪತ್ತೈದರ ಹುಡುಗನಾದೆ. ಹನ್ನೊಂದನೇ ಸೆಕೆಂಡಿಗೆ ಎದುರಿನಿಂದ ಬಸ್ಸು ಬಂತು.

"ಟರ್ಬೊ ಲ್ಯಾಗ್ ಹೋಯಿತು ನೋಡಿ" ಎಂದರು ಸ್ನೇಹಿತರು. "ರಾತ್ರಿ ಎಮರ್ಜೆನ್ಸಿ ಬಂದರೆ ಮಂಗಳೂರಿಗೆ ಓಡಬೇಡವೇ?"

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಲ್ಯಾಗ್ ಎಂದರೆ ಏನೆಂದು ಕಾಸರಗೋಡಿನವರಿಗೆ ಯಾರೂ ಕಲಿಸಬೇಕಿಲ್ಲ. ಇವರ ಮನೆಗೆ ಹತ್ತಿರದ ಉಕ್ಕಿನಡ್ಕದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಶಂಕುಸ್ಥಾಪನೆ ಆದದ್ದು 2013ರ ನವೆಂಬರ್ 30ರಂದು. ಮೊದಲ ಎಂಬಿಬಿಎಸ್ ತಂಡಕ್ಕೆ ಅನುಮತಿ ಸಿಕ್ಕಿದ್ದು 2025ರಲ್ಲಿ, 50 ಸೀಟಿಗೆ. ಪೆಡಲ್ ಒತ್ತಿ ಹನ್ನೆರಡು ವರ್ಷ ಕಾದೆವು. ಇದಕ್ಕೆ ಟರ್ಬೊ ಲ್ಯಾಗ್ ಎನ್ನುವುದು ಟರ್ಬೊಗೆ ಮಾಡುವ ಅವಮಾನ. ಆಸ್ಪತ್ರೆ ಮನೆಯ ಬಳಿ ಬರಲಿ ಎಂದು ಒಂದು ದಿನ ಧರಣಿಗೆ ಕೂರದವರು ಆಸ್ಪತ್ರೆಗೆ ಬೇಗ ಓಡಲು ಮೂವತ್ತು ಸಾವಿರ ಕೊಡುತ್ತಾರೆ. ಸಾರ್ವಜನಿಕ ರೋಗಕ್ಕೆ ಖಾಸಗಿ ಮದ್ದು.

ಆ ಮದ್ದೂ ನಾಟದ ಕಾಲ ಒಂದಿತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಲಾರಿಯಲ್ಲಿ ತಂದು ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಹೋದವು. ರೋಗಿಗಳು ಸತ್ತರು. ಮಣ್ಣಿನ ಗುಡ್ಡೆ ಹಾರುವ ಮ್ಯಾಪ್ ಯಾವ ಸ್ಟೇಜಿನಲ್ಲೂ ಇಲ್ಲ.

ಮ್ಯಾಪ್ ತಿದ್ದಿಸಿಕೊಂಡ ಅನುಭವವೂ ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಸಿ ನಮ್ಮನ್ನೇ ರೀಮ್ಯಾಪ್ ಮಾಡಿದರು. ಗಾಡಿಯ ಮಾಲೀಕನನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದನ್ನು ಮೈಸೂರಿಗೆ ಸೇರಿಸಿ ಎಂದು ಫೈಲ್ ಬರೆದುಕೊಟ್ಟಿತು. ಫೈಲ್ ಇದೆ. ಫ್ಲ್ಯಾಷ್ ಮಾಡುವವನು ಇನ್ನೂ ಬರಲಿಲ್ಲ. ಪ್ರತಿ ನವೆಂಬರಿಗೆ ಅದರ ಧೂಳು ಹೊಡೆದು ಭಾಷಣ ಮಾಡುತ್ತೇವೆ, ಮುಗಿಸಿ ಊಟಕ್ಕೆ ಹೋಗುತ್ತೇವೆ.

ಇರಲಿ. ಕಾನೂನಿಗೆ ಬರೋಣ. ಮಜಾ ಇರುವುದು ಅಲ್ಲಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದಿರುವ, ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು. ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಈಗಿನ ಆರ್‌ಸಿ ಕಾರ್ಡಿನಲ್ಲಿ ಸಿಸಿಯ ಪಕ್ಕದಲ್ಲೇ ಅಶ್ವಶಕ್ತಿಯನ್ನೂ ಅಚ್ಚು ಹಾಕಿರುತ್ತಾರೆ. ಅಂದರೆ ನಮ್ಮ ಸ್ನೇಹಿತರ 26 ಕುದುರೆಗಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹಿಡಿಯುವವರು ಯಾರು? ಕೇರಳದ ಮೋಟಾರು ವಾಹನ ಇಲಾಖೆ ಕಟ್ಟುನಿಟ್ಟು ಎಂದು ದೇಶಕ್ಕೇ ಹೆಸರುವಾಸಿ. ಸ್ಟಿಕ್ಕರ್ ಹಿಡಿಯುತ್ತದೆ. ಬಣ್ಣದ ದೀಪ ಹಿಡಿಯುತ್ತದೆ. ಕಿಟಕಿಯ ಕಪ್ಪು ಹಾಳೆ ಹಿಡಿಯುತ್ತದೆ. ದಪ್ಪದಪ್ಪನೆಯ ಟೈರು ಹಿಡಿಯುತ್ತದೆ. 2021ರ ಆಗಸ್ಟಿನಲ್ಲಿ ಕಣ್ಣೂರಿನಲ್ಲಿ ಇಬ್ಬರು ವ್ಲಾಗರ್ ಸಹೋದರರ ಅಲಂಕೃತ ವ್ಯಾನು ಹಿಡಿದಾಗ ಅವರ ಅಭಿಮಾನಿಗಳು ರಾಜ್ಯವೇ ಮುಳುಗಿದ ಹಾಗೆ ಗೋಳಾಡಿದರು. 2024ರಲ್ಲಿ ಆಲಪ್ಪುಳದ ಯೂಟ್ಯೂಬರ್ ಒಬ್ಬ ಕಾರಿನೊಳಗೆ ನೀರು ತುಂಬಿ ಈಜುಕೊಳ ಮಾಡಿಕೊಂಡು ರಸ್ತೆಯಲ್ಲಿ ಹೊರಟ. ಸಿನಿಮಾ ನೋಡಿ ಬಂದ ಬುದ್ಧಿ. ಅವನ ಮೇಲೂ ಕ್ರಮ ಆಯಿತು. ಒಳ್ಳೆಯದೇ.

ಇವರೆಲ್ಲ ಸಿಕ್ಕಿಬಿದ್ದದ್ದು ಎದ್ದು ಕಾಣುತ್ತಿದ್ದರು ಎಂಬ ಕಾರಣಕ್ಕೆ. ಕಾಣದಂತೆ ಮಾಡುವವನಿಗೆ ನಮ್ಮಲ್ಲಿ ಜಾಣ ಎಂದು ಹೆಸರು. ಸಾಫ್ಟ್‌ವೇರಿಗೆ ಬಣ್ಣ ಇಲ್ಲ, ಸದ್ದಿಲ್ಲ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ನೋಡಿದರೂ ಕಾಣುವುದು ಇಂಜಿನ್ ಮಾತ್ರ. ಬಡ ಹುಡುಗ ಬೈಕಿಗೆ ನೂರು ರೂಪಾಯಿಯ ನೀಲಿ ಬಲ್ಬು ಹಾಕಿಸಿ ಬೈಸಿಕೊಳ್ಳುತ್ತಾನೆ. ದೊಡ್ಡವರು ಮೂವತ್ತು ಸಾವಿರದ ಅಪರಾಧ ಮಾಡಿ ಅದೇ ಇನ್‌ಸ್ಪೆಕ್ಟರಿಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ.

ಹೇಳಿದರೆ ಸ್ನೇಹಿತರಿಗೆ ಕೋಪ ಬರುತ್ತದೆ. "ಒಂದು ಸಾಫ್ಟ್‌ವೇರ್ ತಿದ್ದಿದರೆ ಯಾರು ಸಾಯುತ್ತಾರೆ?"

ಒಂಬತ್ತು ಜನ ಸತ್ತಿದ್ದಾರೆ. 2022ರ ಅಕ್ಟೋಬರ್ 5ರ ರಾತ್ರಿ, ಪಾಲಕ್ಕಾಡಿನ ವಡಕ್ಕಂಚೇರಿಯಲ್ಲಿ. ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಟೂರಿಸ್ಟ್ ಬಸ್ಸು ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂಬದಿಗೆ ಗುದ್ದಿತು. ವೇಗ 97.7 ಕಿಲೋಮೀಟರ್. 80ಕ್ಕೆ ಕಟ್ಟಿಹಾಕಬೇಕಿದ್ದ ಸ್ಪೀಡ್ ಗವರ್ನರನ್ನು ತಿದ್ದಲಾಗಿತ್ತು. ಆಮೇಲೆ ಏನಾಯಿತು? ಟೂರಿಸ್ಟ್ ಬಸ್ಸುಗಳಿಗೆಲ್ಲ ಬಿಳಿ ಬಣ್ಣ ಬಳಿಯಿರಿ ಎಂದು ಬಿಗಿ ಮಾಡಿದರು. ಗವರ್ನರಿನ ತಪಾಸಣೆಯೂ ನಡೆಯಿತೆನ್ನಿ. ಆದರೆ ಊರೆಲ್ಲ ಚರ್ಚೆಯಾದದ್ದು ಬಣ್ಣ. ತಪ್ಪು ಮಾಡಿದ್ದು ಸಾಫ್ಟ್‌ವೇರ್, ಸುಣ್ಣ ಬಳಿಸಿಕೊಂಡದ್ದು ಬಸ್ಸು.

ಮೇಲೆ ಕ್ಯಾಮೆರಾಗಳಿವೆ. 2023ರ ಜೂನ್ 5ರಿಂದ ರಾಜ್ಯದಲ್ಲಿ 726 ಕ್ಯಾಮೆರಾಗಳು ದಂಡ ಹಾಕುತ್ತಿವೆ. ಸೀಟ್ ಬೆಲ್ಟ್ ನೋಡುತ್ತವೆ, ಹೆಲ್ಮೆಟ್ ನೋಡುತ್ತವೆ, ಕಿವಿಗೆ ಹಿಡಿದ ಫೋನು ನೋಡುತ್ತವೆ. ನಮ್ಮ ಸ್ನೇಹಿತರಿಗೆ ಅವು ಇರುವ ಜಾಗಗಳು ಕುಲದೇವರ ಸ್ಥಾನಗಳ ಹಾಗೆ ಬಾಯಿಪಾಠ. ಬಂದಲ್ಲಿ ಬ್ರೇಕು, ದಾಟಿದ ಮೇಲೆ ಪೆಡಲು. 26 ಕುದುರೆಗಳಿಗೆ ಸಿಗುವ ಮೇವು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಇರುವ ದೂರ ಮಾತ್ರ.

ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ ಬಂದಿದೆ, ಅಲ್ಲಿ ಓಡಿಸಬಹುದಲ್ಲ ಎನ್ನುತ್ತೀರಿ. ಓಡಿಸಬಹುದು. ಆರು ಪಥದಲ್ಲಿ ಕಾರಿಗೆ ಕೇರಳ ಗೊತ್ತುಮಾಡಿರುವ ಗರಿಷ್ಠ ವೇಗ 110. ಇವರ ಕಾರು ಶೋರೂಮಿನಿಂದ ಬಂದ ದಿನವೇ ಅದನ್ನು ಬೆವರದೆ ಮುಟ್ಟುತ್ತಿತ್ತು.

ಇನ್ನು ಹೊಗೆ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಬಿಗಿಯಾಗುತ್ತದೆ.

2020ರ ಏಪ್ರಿಲ್‌ನಿಂದ ಬಿಎಸ್ 6. ಡೀಸೆಲ್ ಗಾಡಿಗೆ ಡಿಪಿಎಫ್ ಎಂಬ ಜರಡಿ ಬಂತು. ಮಸಿಯನ್ನು ಹಿಡಿದಿಟ್ಟುಕೊಂಡು, ಬಿಸಿಯಾದಾಗ ಸುಟ್ಟುಬಿಡುತ್ತದೆ. ಬಿಸಿಯಾಗಲು ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಪೆರ್ಲ–ಬದಿಯಡ್ಕದ ನಡುವೆ ಒಂದೇ ವೇಗದಲ್ಲಿ ಓಡುವುದು ಗಾಳಿ ಮಾತ್ರ. ಜರಡಿ ಕಟ್ಟಿಕೊಂಡಿತು, ಹಳದಿ ದೀಪ ಬಂತು. ಇಲ್ಲಿಯವರೆಗೆ ಸ್ನೇಹಿತರ ತಪ್ಪಿಲ್ಲ. ಯುರೋಪಿನ ರಸ್ತೆಗೆ ಹುಟ್ಟಿದ ಯಂತ್ರವನ್ನು ನಮ್ಮ ಹೊಂಡಕ್ಕೆ ಮಾರಿದವರದ್ದೂ ಪಾಲಿದೆ. ಮುಂದಿನದು ಮಾತ್ರ ಅವರದ್ದೇ. ಮ್ಯಾಪ್ ತಿದ್ದುವವನು "ಹೇಗೂ ಬರೆಯುತ್ತಿದ್ದೇನೆ, ಡಿಪಿಎಫ್ ಆಫ್ ಮಾಡಲಾ, ಇಜಿಆರೂ ಆಫ್ ಮಾಡಲಾ" ಎಂದು ಕೇಳಿದ. ಹೋಟೆಲಿನಲ್ಲಿ ಚಟ್ನಿ ಬೇಕಾ ಎಂದು ಕೇಳಿದ ಹಾಗೆ. ಇವರು ಎರಡೂ ಹಾಕು ಎಂದರು.

ಇಜಿಆರ್ ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸಿ ಒಳಗಿನ ಬಿಸಿ ಇಳಿಸುತ್ತದೆ. ಅದರಿಂದ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ನಿಲ್ಲಿಸಿದರೆ ಏರುತ್ತದೆ. ಹಾಗಾದರೆ ಪಿಯುಸಿಯಲ್ಲಿ ಸಿಕ್ಕಿಬೀಳಬೇಕಲ್ಲ? ಇಲ್ಲ. ಡೀಸೆಲ್ ಗಾಡಿಯ ಪಿಯುಸಿಯಲ್ಲಿ ನೋಡುವುದು ಹೊಗೆಯ ಕಪ್ಪನ್ನು ಮಾತ್ರ. ನ್ಯೂಟ್ರಲ್‌ನಲ್ಲಿ ನಾಲ್ಕು ಸಲ ಪೆಡಲ್ ಒತ್ತು, ಸರ್ಟಿಫಿಕೇಟ್ ತಗೋ. ಕಾಣದ ವಿಷವನ್ನು ಕೇಳುವವರಿಲ್ಲ. ಇಲ್ಲೂ ಅದೇ ಕಥೆ.

ಕಾಣದ ವಿಷದ ಬಗ್ಗೆ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ನಾನು ಪಾಠ ಹೇಳಬೇಕೇ? 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಸ್ವರ್ಗ ಎಂಬ ಹೆಸರಿನ ಊರಿನಲ್ಲಿ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾದರು. ನಮ್ಮ ಸ್ನೇಹಿತರು ಆ ಸಭೆಗಳಲ್ಲಿ ಮಾತಾಡಿದವರು. ಗಂಟಲು ತುಂಬಿ ಮಾತಾಡಿದವರು. ಗಾಳಿಗೆ ವಿಷ ಬೆರೆಸಿದವರಿಗೆ ಕ್ಷಮೆ ಇಲ್ಲ ಎಂದವರು. ಮೊನ್ನೆಯೂ ಅಂಥದ್ದೊಂದು ಸಭೆ ಮುಗಿಸಿ ಗಾಡಿ ಹತ್ತಿ ಹೊರಟರು. ಹಿಂದೆ ನಿಂತಿದ್ದ ಶಾಲೆಯ ಹುಡುಗಿ ಶಾಲಿನಿಂದ ಮೂಗು ಮುಚ್ಚಿಕೊಂಡಳು.

ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದಾಗ ಇವರು ಏನು ಹೇಳಿದ್ದರು ನನಗೆ ನೆನಪಿದೆ. 2015ರ ಸೆಪ್ಟೆಂಬರ್. ಟೆಸ್ಟ್ ನಡೆಯುತ್ತಿದೆ ಎಂದು ಗೊತ್ತಾದಾಗ ಸಜ್ಜನನಾಗುವ, ರಸ್ತೆಗೆ ಇಳಿದಾಗ ಹೊಗೆ ಕಾರುವ ಸಾಫ್ಟ್‌ವೇರನ್ನು ಜಗತ್ತಿನ 1.1 ಕೋಟಿ ಗಾಡಿಗಳಲ್ಲಿ ಹಾಕಿದ್ದರು. ಭಾರತದಲ್ಲಿ 3.23 ಲಕ್ಷ ಕಾರುಗಳನ್ನು ವಾಪಸ್ ಕರೆದರು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹೇರಿತು. "ಕಳ್ಳರು, ಜರ್ಮನಿಯವರೂ ಹೀಗಾ" ಎಂದು ಇವರು ಪೇಪರು ಮಡಚಿಟ್ಟಿದ್ದರು. ಈಗ ಅದನ್ನೇ ಗುಡಿ ಕೈಗಾರಿಕೆಯಾಗಿ ಮಾಡಿಕೊಂಡಿದ್ದಾರೆ. ಜರ್ಮನಿಯವರು ಕೋಟಿ ಗಾಡಿಗೆ ಮಾಡಿದ್ದನ್ನು ಇವರು ಒಂದೇ ಗಾಡಿಗೆ ಮಾಡಿದ್ದಾರೆ. ಸ್ವದೇಶಿ.

ಮೈಲೇಜೂ ಜಾಸ್ತಿಯಾಗುತ್ತದೆ ಎಂದು ತಿದ್ದಿದವನು ಆಣೆ ಹಾಕಿದ್ದಾನಂತೆ. ಅದೇ ಪೆಡಲು, ಅದೇ ವೇಗ, ಅದೇ ತಾಳ್ಮೆ ಇದ್ದರೆ ಚೂರು ಆದೀತು. ತಾಳ್ಮೆ ಇದ್ದವನು ರೀಮ್ಯಾಪ್ ಯಾಕೆ ಮಾಡಿಸುತ್ತಾನೆ? ಡೀಸೆಲ್ ಹಾಕಿಸಲು ಮಾತ್ರ ಇವರು ಈಗಲೂ ಗಡಿ ದಾಟುತ್ತಾರೆ. ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಅಲ್ಲಿ ಉಳಿಸಿದ ರೂಪಾಯಿಗಳನ್ನು ಮೂರನೇ ಗೇರಿನಲ್ಲಿ ಊದಿಬಿಡುತ್ತಾರೆ. ಕನ್ನಡಾಭಿಮಾನ ಟ್ಯಾಂಕಿನವರೆಗೆ.

ಸುಳ್ಳಿನ ಸರಣಿ ಆಮೇಲೆ ಶುರುವಾಗುತ್ತದೆ. ವಾರಂಟಿ ಇನ್ನೂ ಉಂಟು. ಸರ್ವೀಸಿಗೆ ಬಿಡುವ ಹಿಂದಿನ ದಿನ ಹೋಗಿ ಹಳೆ ಮ್ಯಾಪ್ ಹಾಕಿಸುತ್ತಾರೆ, ಬಂದ ಮರುದಿನ ಹೊಸತು. ಶ್ರಾದ್ಧದ ದಿನ ಜನಿವಾರ ಹುಡುಕುವವರ ಹಾಗೆ. ಕೆಲವು ಇಸಿಯುಗಳು ತಮ್ಮ ಮೇಲೆ ಎಷ್ಟು ಸಲ ಬರೆದರು ಎಂದು ಎಣಿಸಿ ಇಟ್ಟುಕೊಳ್ಳುತ್ತವೆ. ಶ್ಯಾನುಭೋಗ ಎಂದು ನಾನು ಸುಮ್ಮನೆ ಕರೆದದ್ದಲ್ಲ. ಇನ್ಶೂರೆನ್ಸ್ ನವೀಕರಿಸುವಾಗ "ಏನಾದರೂ ಮಾರ್ಪಾಟು?" ಎಂದು ಕೇಳುವ ಕಡೆ ಇಲ್ಲ ಎಂದು ಒತ್ತುತ್ತಾರೆ. ನಾಳೆ ಯಾರಿಗಾದರೂ ಗುದ್ದಿ ಕ್ಲೇಮ್ ತಿರಸ್ಕಾರವಾದರೆ ಇನ್ಶೂರೆನ್ಸ್ ಕಂಪನಿಗಳೆಲ್ಲ ಮೋಸ ಎಂದು ಮದುವೆ ಮನೆಯಲ್ಲಿ ಭಾಷಣ ಇರುತ್ತದೆ. ಹೋಳಿಗೆ ಬಡಿಸುವವನೂ ಹೌದೆನ್ನುತ್ತಾನೆ.

ರೀಮ್ಯಾಪ್ ಮಾಡಿಸಿ ಒಂದು ವರ್ಷ ಆಯಿತು. ಕ್ಲಚ್ ಜಾರಲು ಶುರುವಾಗಿದೆ. 114 ಕುದುರೆಗೆ ಹೊಲಿದ ಲಗಾಮು, 140 ಎಳೆದರೆ ಇನ್ನೇನಾಗುತ್ತದೆ? ಮೂರನೇ ಗೇರಿನಲ್ಲಿ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ನಮ್ಮ ಕೆಲವು ನಾಯಕರ ಹಾಗೆ. ರಿಪೇರಿಯ ಲೆಕ್ಕ ಕೇಳಿದ ದಿನವೇ ಸ್ನೇಹಿತರಿಗೆ ಗಾಡಿಯ ಮೇಲಿನ ಪ್ರೀತಿ ಕಡಿಮೆಯಾಯಿತು.

ಈಗ ಅದು ಮಾರಾಟಕ್ಕಿದೆ. ಹಳೆ ಮ್ಯಾಪ್ ಮತ್ತೆ ಹಾಕಿಸಿ ಆಗಿದೆ. ಕೆಎಲ್ 14, ಒಬ್ಬನೇ ಮಾಲೀಕ, ಕಂಪನಿ ಸರ್ವೀಸ್, ಯಾವ ಕೆಲಸವೂ ಮಾಡಿಸಿಲ್ಲ, ಪೂರ್ತಿ ಸ್ಟಾಕ್, ಡೈಲಿ ಡ್ರೈವಿಂಗಿಗೆ ಮಾತ್ರ ಬಳಸಿದ್ದು. ನೋಡಲು ಹೋಗುವವರು ಮೂರನೇ ಗೇರಿನಲ್ಲಿ ಅಡ್ಕಸ್ಥಳದ ಏರು ಹತ್ತಿಸಿ ನೋಡಿ.